ಮದುವೆ ಆದಮೇಲೆ ಹೆಸರು ಬದಲಿಸಬೇಕಾ? ಆಧಾರ್, ಪಾನ್, ಪಾಸ್‌ಪೋರ್ಟ್ ಮತ್ತು ನಮ್ಮ ಇನಿಷಿಯಲ್ ತಾಪತ್ರಯ

ನೇರವಾಗಿ ಉತ್ತರ ಹೇಳಿಬಿಡುತ್ತೇನೆ. ಮದುವೆಯಾದ ಹೆಣ್ಣುಮಗಳು ಹೆಸರು ಬದಲಿಸಲೇಬೇಕು ಅಂತ ಭಾರತದಲ್ಲಿ ಯಾವ ಕಾನೂನೂ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆ ತೆಗೆದು ನೋಡಿ, 1954ರ ವಿಶೇಷ ವಿವಾಹ ಕಾಯ್ದೆ ನೋಡಿ, ಗಂಡನ ಹೆಸರು ಇಟ್ಟುಕೊಳ್ಳಬೇಕು ಅನ್ನುವ ಒಂದು ಸಾಲೂ ಸಿಗುವುದಿಲ್ಲ. ಪಾಸ್‌ಪೋರ್ಟ್ ಅರ್ಜಿಗೆ ಮದುವೆ ಪ್ರಮಾಣಪತ್ರ ಕೊಡಲೇಬೇಕು ಅನ್ನುವ ಷರತ್ತನ್ನು 2016ರ ಡಿಸೆಂಬರ್‌ನಲ್ಲೇ ತೆಗೆದರು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಪ್ರಧಾನಿ ಮೋದಿ ಕೂಡ, ಪಾಸ್‌ಪೋರ್ಟ್‌ಗಾಗಿ ಹೆಣ್ಣುಮಕ್ಕಳು ಮದುವೆ ನಂತರ ಹೆಸರು ಬದಲಿಸಬೇಕಿಲ್ಲ ಎಂದು ಬಹಿರಂಗವಾಗಿಯೇ ಹೇಳಿದ್ದರು.

ಆದರೂ ಮದುವೆ ಚಪ್ಪರ ಬಿಚ್ಚುವಷ್ಟರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. "ಆಧಾರ್‌ನಲ್ಲಿ ಹೆಸರು ಚೇಂಜ್ ಮಾಡಿಸಿದ್ಯೇನಮ್ಮಾ?" ಅತ್ತೆ ಕೇಳಬಹುದು, ಬ್ಯಾಂಕಿನವರು ಕೇಳಬಹುದು, ಫಾರಂ ತುಂಬಿಕೊಡುವ ಸೈಬರ್ ಸೆಂಟರಿನ ಹುಡುಗನೂ ಕೇಳಬಹುದು. ಎಲ್ಲರೂ ಕೇಳುತ್ತಾರಲ್ಲ, ಮಾಡಿಸಲೇಬೇಕೇನೋ ಅಂದುಕೊಂಡು ಒಂದು ಕಾರ್ಡಿನಲ್ಲಿ ಬದಲಿಸಿ, ಇನ್ನೊಂದರಲ್ಲಿ ಹಾಗೇ ಬಿಟ್ಟು, ಆಮೇಲೆ ನಾಲ್ಕೈದು ವರ್ಷ ಒದ್ದಾಡುವವರು ತುಂಬಾ ಜನ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಪೂರ್ತಿ ಬದಲಿಸುವುದೂ ಸರಿ, ಏನೂ ಮುಟ್ಟದೆ ಇರುವುದೂ ಸರಿ, ಅರ್ಧಂಬರ್ಧ ಮಾತ್ರ ಬೇಡ.

ಇಲ್ಲಿ ಜನ ಮೂರು ಬೇರೆ ಬೇರೆ ಕೆಲಸಗಳನ್ನು ಕಲಸಿಬಿಡುತ್ತಾರೆ. ನಿಮ್ಮ ಹೆಸರು ಬದಲಿಸುವುದು ಒಂದು. ದಾಖಲೆಯಲ್ಲಿ ಗಂಡನ ಹೆಸರು ಸೇರಿಸುವುದು ಇನ್ನೊಂದು. ವಿಳಾಸ ಬದಲಿಸುವುದು ಮತ್ತೊಂದು. ಬಹಳಷ್ಟು ಮನೆಗಳಿಗೆ ನಿಜವಾಗಿ ಬೇಕಿರುವುದು ಕೊನೆಯ ಎರಡು ಮಾತ್ರ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಗಂಡ ಅಥವಾ ಹೆಂಡತಿಯ ಹೆಸರಿಗೆ ಅಂತಲೇ ಬೇರೆ ಜಾಗ ಇದೆ, ಅದನ್ನು ತುಂಬುವುದಕ್ಕೆ ನಿಮ್ಮ ಹೆಸರಿನ ಒಂದು ಅಕ್ಷರವೂ ಬದಲಾಗಬೇಕಿಲ್ಲ. ಮದುವೆ ಪ್ರಮಾಣಪತ್ರ ಇನ್ನೂ ಕೈಗೆ ಬಂದಿಲ್ಲ ಅಂದರೆ ಇಬ್ಬರೂ ಸೇರಿ ತೆಗೆಸಿದ ಫೋಟೋ ಅಂಟಿಸಿ, ಇಬ್ಬರೂ ಸಹಿ ಹಾಕಿದ ಘೋಷಣಾ ಪತ್ರ ಕೊಡುವ ದಾರಿಯೂ ಈಗ ಇದೆ. ಆಧಾರ್‌ನಲ್ಲೂ ಹಾಗೇ. ವಿಳಾಸದ ಸಾಲಿನಲ್ಲಿ "ಕೇರ್ ಆಫ್" ಅಂತ ಗಂಡನ ಹೆಸರು ಬರುತ್ತದೆ, ಅದು ವಿಳಾಸದ ತಿದ್ದುಪಡಿ, ಹೆಸರಿನದ್ದಲ್ಲ. ಬಾಡಿಗೆ ಕರಾರು ಗಂಡನ ಹೆಸರಲ್ಲಿದೆ, ನನ್ನ ಹತ್ತಿರ ಯಾವ ವಿಳಾಸದ ಪುರಾವೆಯೂ ಇಲ್ಲ ಅನ್ನುವವರಿಗಾಗಿ 2023ರಿಂದ ಕುಟುಂಬದ ಮುಖ್ಯಸ್ಥರ ಆಧಾರ್ ತೋರಿಸಿ ವಿಳಾಸ ಬದಲಿಸುವ ಸೌಲಭ್ಯ ಬಂದಿದೆ. ನೀವು ಅರ್ಜಿ ಹಾಕುತ್ತೀರಿ, ಗಂಡ ತನ್ನ ಮೊಬೈಲಿನಿಂದ ಒಪ್ಪಿಗೆ ಕೊಡುತ್ತಾರೆ, ಮುಗಿಯಿತು.

ಇಷ್ಟರಲ್ಲೇ ನಿಮ್ಮ ಕೆಲಸ ಆಗುತ್ತದೆ ಅನ್ನಿಸಿದರೆ ಇಲ್ಲಿಗೇ ನಿಲ್ಲಿಸಬಹುದು, ನಿಜವಾಗಿ. ಇಲ್ಲ, ಬದಲಿಸಬೇಕು ಅಂತ ಇಷ್ಟ ಇದೆ ಅನ್ನುವವರು ಮುಂದಕ್ಕೆ ಓದಿ. ಇಷ್ಟಪಟ್ಟು ಬದಲಿಸುವವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ನಮ್ಮ ಹೆಸರಿಗೆ ಸರ್‌ನೇಮ್ ಎಲ್ಲಿದೆ?

ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳೆಲ್ಲ ಒಂದು ಮೊದಲ ಹೆಸರು, ಒಂದು ಕುಟುಂಬದ ಹೆಸರು ಇರುವವರಿಗಾಗಿ ಬರೆದವು. ಕರ್ನಾಟಕದಲ್ಲಿ ಅದು ಅರ್ಧ ಜನಕ್ಕೂ ಸರಿಹೊಂದುವುದಿಲ್ಲ.

ಉತ್ತರ ಕರ್ನಾಟಕದವರಿಗೆ ಸ್ವಲ್ಪ ಸುಲಭ. ಪಾಟೀಲ, ಕುಲಕರ್ಣಿ, ಹಿರೇಮಠ, ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಅಡ್ಡಹೆಸರು ಇರುತ್ತದೆ, ನಡುವೆ ಅಪ್ಪನ ಹೆಸರು. ಮದುವೆಯಾದ ಮೇಲೆ ನಡುವಿನ ಹೆಸರೂ ಬದಲಾಗುತ್ತದೆ, ಅಡ್ಡಹೆಸರೂ ಬದಲಾಗುತ್ತದೆ. ಅಂದರೆ ಮೂರು ಪದದ ಹೆಸರಿನಲ್ಲಿ ಎರಡು ಹೊಸದು. ಕೆಲವು ಮನೆಗಳಲ್ಲಿ ಮದುವೆ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಸೊಸೆಗೆ ಹೊಸ ಹೆಸರನ್ನೇ ಬರೆಯುವ ಪದ್ಧತಿ ಇದೆ, ಆಗ ಮೂರಕ್ಕೆ ಮೂರೂ ಹೊಸದು. ಅಕ್ಕಿಯಲ್ಲಿ ಬರೆದ ಆ ಹೆಸರನ್ನು ಮನೆಯಲ್ಲಿ ಕರೆಯಲು ಇಟ್ಟುಕೊಳ್ಳಿ, ದಾಖಲೆಗೆ ತರಲೇಬೇಡಿ ಅನ್ನುವುದು ನನ್ನ ಸಲಹೆ. ಯಾಕೆ ಅಂತ ಗೆಜೆಟ್ (ಸರ್ಕಾರಿ ರಾಜಪತ್ರ) ವಿಷಯ ಬಂದಾಗ ಹೇಳುತ್ತೇನೆ.

ಕೊಡವರಲ್ಲಿ ಮನೆತನದ ಹೆಸರು ಮೊದಲಿಗೆ ಬರುತ್ತದೆ. ಜನರಲ್ ಕಾರ್ಯಪ್ಪನವರ ಪೂರ್ತಿ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ, ಕೊಡಂದೇರ ಅನ್ನುವುದು ಒಕ್ಕದ ಹೆಸರು. ಮದುವೆಯಾದ ಹೆಣ್ಣು ಗಂಡನ ಒಕ್ಕಕ್ಕೆ ಸೇರುತ್ತಾಳೆ, ಹಾಗಾಗಿ ಬದಲಾಗುವುದು ಹೆಸರಿನ ಮುಂಭಾಗ. ಕರಾವಳಿಯ ಬಂಟರಲ್ಲಿ ಅಳಿಯಸಂತಾನದ ಕಾಲದಿಂದ ಬಳಿ ಅಥವಾ ಬರಿ, ಅಂದರೆ ವಂಶದ ಗುರುತು, ತಾಯಿಯಿಂದ ಬರುತ್ತದೆ, ಮದುವೆಯಿಂದ ಅದು ಬದಲಾಗುವುದೇ ಇಲ್ಲ. ಆದರೂ ಶೆಟ್ಟಿ ಹುಡುಗಿ ರೈ ಹುಡುಗನನ್ನು ಮದುವೆಯಾದರೆ ಹೆಸರಿನ ಹಿಂದೆ ಯಾವುದು ಅನ್ನುವ ಪ್ರಶ್ನೆ ಬರುತ್ತದೆ. ಮಂಗಳೂರಿನ ಕ್ರೈಸ್ತರಲ್ಲಿ ಪಿಂಟೋ ಮನೆಯ ಹುಡುಗಿ ಡಿಸೋಜಾ ಆಗುವುದು ಮೊದಲಿನಿಂದ ರೂಢಿ. ಬಾನು, ಬೇಗಂ ಅಂತ ಹೆಸರಿರುವ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಹುಟ್ಟಿನ ಹೆಸರನ್ನೇ ಇಟ್ಟುಕೊಳ್ಳುತ್ತಾರೆ.

ತಲೆನೋವು ಜಾಸ್ತಿ ಇರುವುದು ಹಳೇ ಮೈಸೂರಿನವರಿಗೆ. ಇಲ್ಲಿ ಸರ್‌ನೇಮೇ ಇಲ್ಲ, ಇನಿಷಿಯಲ್ ಇದೆ. ಎಚ್. ಡಿ. ದೇವೇಗೌಡರ ಎಚ್ ಅಂದರೆ ಹರದನಹಳ್ಳಿ, ಡಿ ಅಂದರೆ ತಂದೆ ದೊಡ್ಡೇಗೌಡ. ಎಸ್. ಎಂ. ಕೃಷ್ಣ ಅವರ ಎಸ್ ಸೋಮನಹಳ್ಳಿ, ಎಂ ತಂದೆ ಮಲ್ಲಯ್ಯ. ಊರು, ಅಪ್ಪ, ತಾನು. ಎಷ್ಟು ಚೆನ್ನಾಗಿದೆ ಲೆಕ್ಕ! ಆದರೆ ಪಾನ್ ಮತ್ತು ಪಾಸ್‌ಪೋರ್ಟ್ ಅರ್ಜಿಗಳು ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಿರಿ ಅನ್ನುತ್ತವೆ. ಹಾಗಾಗಿ ಮಂಡ್ಯದ ರಮ್ಯಾ ಎನ್. ಅನ್ನುವ ಹುಡುಗಿ ಇದ್ದಾಳೆ ಅಂತಿಟ್ಟುಕೊಳ್ಳಿ, ಪಾಸ್‌ಪೋರ್ಟಿನಲ್ಲಿ ಅವಳು ರಮ್ಯಾ ನಾಗರಾಜ್ ಆಗುತ್ತಾಳೆ. ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು ಕೂತಿದೆ.

ಈಗ ಅವಳ ಮದುವೆ ಮಂಜುನಾಥ್ ಕೆ. ಜೊತೆ ಆಯಿತು. ಅವನ ಪಾಸ್‌ಪೋರ್ಟಿನಲ್ಲಿ ಮಂಜುನಾಥ್ ಕೃಷ್ಣಪ್ಪ ಅಂತಿದೆ, ಕೃಷ್ಣಪ್ಪ ಅವನ ಅಪ್ಪ. ರಮ್ಯಾ ಹೆಸರು ಬದಲಿಸಲು ಹೊರಟರೆ ಯಾವುದನ್ನು ಹಾಕಿಕೊಳ್ಳಬೇಕು? ರಮ್ಯಾ ಮಂಜುನಾಥ್ ಅಂದರೆ ಗಂಡನ ಹೆಸರು ಸೇರಿತು, ಆದರೆ ಗಂಡ ಹೆಂಡತಿಯ ಸರ್‌ನೇಮ್ ಒಂದೇ ಆಗಲಿಲ್ಲ. ರಮ್ಯಾ ಕೃಷ್ಣಪ್ಪ ಅಂದರೆ ಸರ್‌ನೇಮ್ ಒಂದಾಯಿತು, ಆದರೆ ತನ್ನ ಅಪ್ಪನ ಹೆಸರು ತೆಗೆದು ಮಾವನ ಹೆಸರು ಹಾಕಿಕೊಂಡ ಹಾಗಾಯಿತು. ಮುಂದೆ ಮಗು ಹುಟ್ಟಿ ಅದಕ್ಕೆ ಅದ್ವಿಕಾ ಮಂಜುನಾಥ್ ಅಂತ ಹೆಸರಿಟ್ಟರೆ, ತಾಯಿ ರಮ್ಯಾ ಮಂಜುನಾಥ್ ಆಗಿದ್ದರೆ ತಾಯಿ ಮಗಳ ಸರ್‌ನೇಮ್ ಒಂದು, ಅಪ್ಪನದ್ದು ಬೇರೆ; ರಮ್ಯಾ ಕೃಷ್ಣಪ್ಪ ಆಗಿದ್ದರೆ ಅಪ್ಪ ಅಮ್ಮನದ್ದು ಒಂದು, ಮಗಳದ್ದು ಬೇರೆ. "ಕುಟುಂಬಕ್ಕೆಲ್ಲ ಒಂದೇ ಹೆಸರು ಇರಲಿ" ಅನ್ನುವ ಆಸೆಯಿಂದ ಇಷ್ಟೆಲ್ಲ ಓಡಾಡಿದರೆ ಕೊನೆಗೆ ಆ ಆಸೆಯೇ ಈಡೇರುವುದಿಲ್ಲ. ಇನಿಷಿಯಲ್ ಇರುವ ಮನೆಯವರು ಇದನ್ನು ಮೊದಲೇ ಒಂದು ಕಾಗದದ ಮೇಲೆ ಬರೆದು ನೋಡಿಕೊಳ್ಳುವುದು ಒಳ್ಳೆಯದು.

ಅಪ್ಪನ ಹೆಸರು ಬೇಡ, ಗಂಡನ ಹೆಸರೂ ಬೇಡ, ಬರೀ ರಮ್ಯಾ ಅಂತ ಇರಲಿ ಅನ್ನುವವರೂ ಇದ್ದಾರೆ. ದೇಶದೊಳಗೆ ಅದರಿಂದ ಹೆಚ್ಚೇನೂ ತೊಂದರೆ ಇಲ್ಲ. ಹೊರದೇಶಕ್ಕೆ ಹೋಗುವಾಗ ಗೊತ್ತಾಗುತ್ತದೆ. ಒಂದೇ ಪದದ ಹೆಸರಿರುವವರಿಗೆ ಅಮೆರಿಕದ ವೀಸಾದಲ್ಲಿ ಆ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಬರುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಆಮೇಲೆ ಅಲ್ಲಿನ ಬೇರೆ ದಾಖಲೆಗಳಿಗೂ ಅದೇ ನುಸುಳುತ್ತದೆ. ಯುಎಇ 2022ರ ನವೆಂಬರ್‌ನಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವ ಪ್ರವಾಸಿಗಳನ್ನು ಬಿಡುವುದಿಲ್ಲ ಅಂದಿತು, ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಆಗುತ್ತದೆ ಅಂತ ಸಡಿಲಿಸಿತು. ದುಬೈ ಟ್ರಿಪ್ ಬುಕ್ ಮಾಡುವ ಮುಂಚೆ ಇದು ನೆನಪಿರಲಿ.

ತಮಾಷೆ ಏನೆಂದರೆ, ನಮ್ಮ ಹಳ್ಳಿಯ ದಾಖಲೆಗಳಲ್ಲಿ ಈ ಗೊಂದಲವೇ ಇರಲಿಲ್ಲ. ಪಹಣಿ, ಕ್ರಯಪತ್ರ ನೋಡಿದವರಿಗೆ ಗೊತ್ತಿರುತ್ತದೆ: ಗಂಡಸಾದರೆ "ರಂಗಪ್ಪ ಬಿನ್ ತಿಮ್ಮಪ್ಪ", ಮದುವೆಯಾದ ಹೆಂಗಸಾದರೆ "ಲಕ್ಷ್ಮಮ್ಮ ಕೋಂ ರಂಗಪ್ಪ". ಅವಳ ಹೆಸರು ಲಕ್ಷ್ಮಮ್ಮ ಅಂತಲೇ ಉಳಿಯಿತು, ಯಾರ ಹೆಂಡತಿ ಅನ್ನುವುದು ಪಕ್ಕದಲ್ಲಿ ಬಂತು. ಈಗಿನ ಕಂಪ್ಯೂಟರಿಗೆ ಮಾತ್ರ ಎರಡು ಖಾನೆ ಬೇಕು.

ಬದಲಿಸುವುದೇ ಅಂತ ಆದರೆ

ಎಲ್ಲಕ್ಕೂ ಮೊದಲು ಮದುವೆ ನೋಂದಣಿ. ಮದುವೆ ನೋಂದಣಿ ಕಡ್ಡಾಯ ಮಾಡಿ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ರಾಜ್ಯಗಳಿಗೆ ಹೇಳಿದೆ. ಕರ್ನಾಟಕದಲ್ಲಿ ಇದು ಸಬ್ ರಿಜಿಸ್ಟ್ರಾರ್ ಕಚೇರಿಯ ಕೆಲಸ, ಹಿಂದೂ ವಿವಾಹಗಳಿಗೆ 2024ರಿಂದ ಕಾವೇರಿ ಪೋರ್ಟಲ್‌ನಲ್ಲಿ ಆನ್‌ಲೈನ್ ಕೂಡ ಆಗುತ್ತದೆ. ಲಗ್ನಪತ್ರಿಕೆ, ಮದುವೆ ಫೋಟೋ, ಇಬ್ಬರ ವಯಸ್ಸು ಮತ್ತು ವಿಳಾಸದ ಪುರಾವೆ, ಮೂರು ಸಾಕ್ಷಿಗಳು. ಲಗ್ನಪತ್ರಿಕೆಯ ಒಂದೆರಡು ಪ್ರತಿ ಎತ್ತಿಟ್ಟುಕೊಂಡಿರಿ, ಎಲ್ಲವನ್ನೂ ಹಂಚಿಬಿಟ್ಟು ಆಮೇಲೆ ನೆಂಟರ ಮನೆಗೆ ಫೋನ್ ಮಾಡಿ "ನಮ್ಮ ಪತ್ರಿಕೆ ಇದ್ಯಾ" ಅಂತ ಕೇಳುವ ಹಾಗಾಗಬಾರದು.

ಒಂದು ವಿಷಯ ಗಮನಿಸಿ. ಮದುವೆ ಪ್ರಮಾಣಪತ್ರದಿಂದ ನಿಮ್ಮ ಹೆಸರು ತಾನಾಗಿಯೇ ಬದಲಾಗುವುದಿಲ್ಲ. ಅದರಲ್ಲಿ ನಿಮ್ಮ ಹಳೇ ಹೆಸರೇ ಇರುತ್ತದೆ, ಇರಬೇಕು ಕೂಡ. ಈ ಹೆಸರಿನವಳು ಈ ಹೆಸರಿನವನನ್ನು ಮದುವೆಯಾದಳು ಅನ್ನುವುದಕ್ಕಷ್ಟೇ ಅದು ಪುರಾವೆ. ಹೊಸ ಹೆಸರಿಗೂ ಹಳೇ ಹೆಸರಿಗೂ ಕೊಂಡಿ ಹಾಕುವ ಕಾಗದ ಅದೊಂದೇ ಆದ್ದರಿಂದ, ಅದರಲ್ಲಿನ ಸ್ಪೆಲಿಂಗ್ ನಿಮ್ಮ ಆಗಿನ ಆಧಾರ್ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಕನ್ನಡದಲ್ಲಿ ಲಕ್ಷ್ಮಿ ಒಬ್ಬಳೇ. ಇಂಗ್ಲಿಷಿನಲ್ಲಿ ಒಂದು ಕಡೆ ಕೆ-ಎಸ್-ಎಚ್, ಇನ್ನೊಂದು ಕಡೆ ಬರೀ ಎಕ್ಸ್. ಗೌಡದಲ್ಲಿ ಒಬ್ಬರು ಡಬ್ಲ್ಯೂ ಹಾಕುತ್ತಾರೆ, ಇನ್ನೊಬ್ಬರು ಯು. ಕಚೇರಿಯಲ್ಲಿ ಸಹಿ ಹಾಕುವ ಮುಂಚೆ ಕರಡು ಪ್ರತಿ ತೋರಿಸುತ್ತಾರಲ್ಲ, ಆಗ ಫೋಟೋಗೆ ಸೀರೆ ಸರಿಮಾಡಿಕೊಳ್ಳುವುದನ್ನು ಬಿಟ್ಟು ಸ್ಪೆಲಿಂಗ್ ನೋಡಿ.

ಎರಡನೆಯದು ಆಧಾರ್. ಇಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲದ ಮಾತು: ಆಧಾರ್‌ನಲ್ಲಿ ಹೆಸರನ್ನು ಇಡೀ ಜೀವನದಲ್ಲಿ ಎರಡೇ ಸಲ ಬದಲಿಸಬಹುದು. ಸ್ಪೆಲಿಂಗ್ ತಿದ್ದಿಸಿದರೂ ಅದು ಒಂದು ಸಲದ ಲೆಕ್ಕಕ್ಕೆ ಬರುತ್ತದೆ. ಕಾಲೇಜಿನಲ್ಲಿದ್ದಾಗ ಒಂದು ಅಕ್ಷರ ಸರಿಮಾಡಿಸಿ, ಮದುವೆಯಾದ ಮೇಲೆ ಅಡ್ಡಹೆಸರು ಬದಲಿಸಿದರೆ ಎರಡೂ ಮುಗಿಯಿತು. ಅದಾದ ಮೇಲೂ ಬದಲಿಸಬೇಕಾದರೆ ಪ್ರಾದೇಶಿಕ ಕಚೇರಿಗೆ ವಿಶೇಷ ಕೋರಿಕೆ ಸಲ್ಲಿಸಬೇಕು, ಕಾರಣ ಹೇಳಬೇಕು, ಕಾಯಬೇಕು. ಆದ್ದರಿಂದ ಸೇವಾ ಕೇಂದ್ರದಲ್ಲಿ ಆಪರೇಟರ್ ಟೈಪ್ ಮಾಡಿದ್ದನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಓದಿ ನೋಡಿಯೇ ಹ್ಞೂಂ ಅನ್ನಿ. ಬರೀ ಅಡ್ಡಹೆಸರು ಬದಲಾಗುವುದಾದರೆ ಮದುವೆ ಪ್ರಮಾಣಪತ್ರ ಸಾಕು.

ಆಧಾರ್ ಬದಲಾಯಿತು ಅಂದರೆ ಉಳಿದವು ಅದರ ಹಿಂದೆಯೇ ಬೇಗ ಬದಲಾಗಬೇಕು. ರೇಷನ್ ಕಾರ್ಡ್, ಬ್ಯಾಂಕ್ ಖಾತೆ, ಆಧಾರ್ ಈ ಮೂರರಲ್ಲಿ ಹೆಸರು ಹೊಂದದೆ ಗೃಹಲಕ್ಷ್ಮಿಯ 2000 ರೂಪಾಯಿ ಬರದೆ ಅಲೆದ ಹೆಂಗಸರ ಕಥೆ ನಿಮ್ಮ ಬೀದಿಯಲ್ಲೇ ಸಿಗುತ್ತದೆ. ಯೋಜನೆಗೆ ಯಾವ ಹೆಸರಾದರೂ ಪರವಾಗಿಲ್ಲ, ಎಲ್ಲ ಕಡೆ ಒಂದೇ ಇರಬೇಕು ಅಷ್ಟೇ.

ಆಮೇಲೆ ಪಾನ್. ಇದು ಸುಲಭ, ಮನೆಯಲ್ಲೇ ಕೂತು ಮಾಡಬಹುದು, ಖರ್ಚು ನೂರು ಚಿಲ್ಲರೆ ರೂಪಾಯಿ. ನಂಬರ್ ಬದಲಾಗುವುದಿಲ್ಲ, ಹೆಸರು ಮಾತ್ರ. ಮದುವೆ ಕಾರಣಕ್ಕೆ ಹೆಸರು ಬದಲಿಸುವವರು ಕೊಡಬಹುದಾದ ದಾಖಲೆಗಳಲ್ಲಿ ಬಹಳ ವರ್ಷದಿಂದ ಲಗ್ನಪತ್ರಿಕೆಗೂ ಜಾಗ ಇದೆ, ಹಾಗಾಗಿ ಎತ್ತಿಟ್ಟ ಪ್ರತಿ ಇಲ್ಲೂ ಕೆಲಸಕ್ಕೆ ಬರುತ್ತದೆ. ಪಾನ್ ಕಾರ್ಡಿನಲ್ಲಿ ಗಂಡನ ಹೆಸರಿಗೆ ಜಾಗವೇ ಇಲ್ಲ ಅನ್ನುವುದು ಗೊತ್ತಾ? ಮದುವೆಯಾದರೂ, ಮೊಮ್ಮಕ್ಕಳಾದರೂ ಅಲ್ಲಿ ಬರುವುದು ಅಪ್ಪನ ಹೆಸರು. ತಾಯಿ ಒಬ್ಬರೇ ಬೆಳೆಸಿದ್ದರೆ ತಾಯಿಯ ಹೆಸರು ಹಾಕಿಸಿಕೊಳ್ಳುವ ಅವಕಾಶ 2018ರ ಕೊನೆಯಲ್ಲಿ ಬಂತು. ನಿಮ್ಮ ಪಾನ್ ನಂಬರ್ ಒಮ್ಮೆ ತೆಗೆದು ನೋಡಿ. ಮೊದಲ ಐದು ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕನೆಯದು ಪಿ, ಅಂದರೆ ವ್ಯಕ್ತಿ ಅಂತ. ಐದನೆಯದು ನಿಮ್ಮ ಸರ್‌ನೇಮಿನ ಮೊದಲ ಅಕ್ಷರ. ಮೇಲಿನ ರಮ್ಯಾಳದ್ದಾದರೆ ನಾಗರಾಜ್‌ನ ಎನ್. ಅವಳು ರಮ್ಯಾ ಮಂಜುನಾಥ್ ಆದರೂ ನಂಬರಿನಲ್ಲಿ ಆ ಎನ್ ಹಾಗೇ ಕೂತಿರುತ್ತದೆ, ಯಾರೂ ಅದನ್ನು ತೆಗೆಯುವುದಿಲ್ಲ, ತೆಗೆಯಬೇಕಾಗಿಯೂ ಇಲ್ಲ.

ಪಾನ್ ಮತ್ತು ಆಧಾರ್ ಹೆಸರು ಬೇರೆ ಬೇರೆ ಇರುವಾಗ ಎರಡನ್ನೂ ಲಿಂಕ್ ಮಾಡಲು ಹೋದರೆ ತಿರಸ್ಕಾರವಾಗುತ್ತದೆ. ಬ್ಯಾಂಕಿನಲ್ಲಿ ಒಂದು, ಪಾನ್‌ನಲ್ಲಿ ಇನ್ನೊಂದು ಇದ್ದರೆ ಇನ್‌ಕಂ ಟ್ಯಾಕ್ಸ್ ರೀಫಂಡ್ ಬರಬೇಕಾದ ಖಾತೆ ದೃಢೀಕರಣ ಆಗುವುದಿಲ್ಲ. ಕೆಲಸದಲ್ಲಿರುವವರಿಗೆ ಇದು ತಕ್ಷಣ ತಟ್ಟುತ್ತದೆ. ಹಾಗಾಗಿ ಬ್ಯಾಂಕಿಗೆ ಹೋಗುವುದು ಪಾನ್ ಹೊಸದು ಬಂದ ಮೇಲೆ. ಚೆಕ್ ಬುಕ್, ಸಹಿ ಎಲ್ಲ ಹೊಸದಾಗುತ್ತದೆ, ಹಳೇ ಸಹಿಯಲ್ಲಿ ಅಡ್ಡಹೆಸರು ಇದ್ದವರು ಈ ನೆಪದಲ್ಲಿ ಚಿಕ್ಕ ಸಹಿ ಮಾಡಿಕೊಂಡುಬಿಡಿ. ವೋಟರ್ ಐಡಿಗೆ ಫಾರಂ 8, ಹಣ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಪರಿವಾಹನ್ ಪೋರ್ಟಲ್‌ನಲ್ಲಿ. ಇವೆರಡಕ್ಕೆ ಅವಸರ ಇಲ್ಲ.

ಪಾಸ್‌ಪೋರ್ಟ್ ವಿಷಯದಲ್ಲಿ ಮಾತ್ರ ಸಮಯ ನೋಡಿಕೊಂಡು ಕೈಹಾಕಬೇಕು. ಇದ್ದ ಪುಸ್ತಕದಲ್ಲಿ ಹೆಸರು ತಿದ್ದಿಕೊಡುವುದಿಲ್ಲ, ಹೊಸ ಪುಸ್ತಕವನ್ನೇ ಕೊಡುತ್ತಾರೆ. 36 ಪುಟದ್ದಕ್ಕೆ 1500 ರೂಪಾಯಿ, ತತ್ಕಾಲ್ ಬೇಕಾದರೆ ಮೇಲೆ 2000. ಹನಿಮೂನಿಗೆ ಬಾಲಿ ಟಿಕೆಟ್ ಹಳೇ ಹೆಸರಲ್ಲಿ ಬುಕ್ ಆಗಿದೆ, ಅದರ ನಡುವೆ ಪಾಸ್‌ಪೋರ್ಟ್ ಬದಲಿಸಲು ಕೊಟ್ಟರೆ ಟಿಕೆಟ್ಟೂ ಕೈಬಿಡುತ್ತದೆ, ವೀಸಾನೂ ಹೋಗುತ್ತದೆ. ಮೊದಲು ಹೋಗಿ ಬನ್ನಿ, ಆಮೇಲೆ ಬದಲಿಸಿ. ಗಂಡ ಹೊರದೇಶದಲ್ಲಿ ಕೆಲಸದಲ್ಲಿದ್ದು ಅವಲಂಬಿತ ವೀಸಾ ಮೇಲೆ ಹೋಗುವವರಿಗೆ ಮನೆಯಲ್ಲಿ ಒಂದು ಹೆದರಿಕೆ ಹುಟ್ಟಿಸಿರುತ್ತಾರೆ, ಹೆಸರು ಒಂದೇ ಇಲ್ಲದಿದ್ದರೆ ವೀಸಾ ಕೊಡುವುದಿಲ್ಲ ಅಂತ. ಅಮೆರಿಕದ ಎಚ್-4 ವೀಸಾಗೆ ಬೇಕಿರುವುದು ಮದುವೆ ಆಗಿರುವುದರ ಪುರಾವೆ, ಅಂದರೆ ಪ್ರಮಾಣಪತ್ರ. ಸರ್‌ನೇಮ್ ಒಂದೇ ಇರಬೇಕು ಅನ್ನುವ ನಿಯಮ ಇಲ್ಲ. ಎಷ್ಟೋ ಕನ್ನಡದ ದಂಪತಿಗಳು ಎರಡು ಬೇರೆ ಬೇರೆ ಅಪ್ಪಂದಿರ ಹೆಸರು ಹೊತ್ತುಕೊಂಡೇ ಅಲ್ಲಿ ಸಂಸಾರ ಮಾಡಿಕೊಂಡಿದ್ದಾರೆ.

ಮುಟ್ಟಬಾರದ ಕಾಗದಗಳು

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಪಿಯುಸಿ, ಡಿಗ್ರಿ. ಇವನ್ನು ಮದುವೆ ಕಾರಣಕ್ಕೆ ಬದಲಿಸುವ ರೂಢಿ ಇಲ್ಲ, ಬದಲಿಸಲು ಓಡಾಡಬೇಡಿ. ನೀವು ಹತ್ತನೇ ತರಗತಿ ಪಾಸಾದದ್ದು ಆ ಹೆಸರಿನಲ್ಲಿ, ಅದು ಹಾಗೇ ಇರಲಿ. ಕೆಲಸಕ್ಕೆ ಸೇರುವಾಗ ಎರಡು ಹೆಸರು ಕಂಡರೆ ಮದುವೆ ಪ್ರಮಾಣಪತ್ರ ತೋರಿಸಿ. ಅದಕ್ಕೂ ಒಪ್ಪದಿದ್ದರೆ "ಎರಡೂ ಹೆಸರಿನ ವ್ಯಕ್ತಿ ನಾನೊಬ್ಬಳೇ" ಅಂತ ಇ-ಸ್ಟಾಂಪ್ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ ನೋಟರಿ ಸಹಿ ಹಾಕಿಸಿ. ನಮ್ಮ ರಾಜ್ಯದಲ್ಲಿ ಅಫಿಡವಿಟ್‌ನ ಸ್ಟಾಂಪ್ ಶುಲ್ಕ ಮೊದಲು 20 ಇತ್ತು, 2024ರಿಂದ 100 ರೂಪಾಯಿ. ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಂತೂ ಅರ್ಜಿಯಲ್ಲಿ ಮಾರ್ಕ್ಸ್ ಕಾರ್ಡಿನ ಹೆಸರನ್ನೇ ಹಾಕಿ, ಪರೀಕ್ಷೆಯ ಗದ್ದಲ ಮುಗಿಯುವವರೆಗೆ ಆಧಾರ್ ಕೂಡ ಮುಟ್ಟಬೇಡಿ.

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ. ಗಂಡನ ಅಡ್ಡಹೆಸರು ಹಾಕಿಕೊಂಡರೆ ಗಂಡನ ಜಾತಿಯೂ ಬರುತ್ತದೆ, ಅಥವಾ ತನ್ನ ಮೀಸಲಾತಿ ಹೋಗುತ್ತದೆ ಅಂತ ಹೆದರುತ್ತಾರೆ. ಜಾತಿ ಹುಟ್ಟಿನಿಂದ ನಿರ್ಧಾರವಾಗುತ್ತದೆ, ಮದುವೆಯಿಂದ ಬದಲಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಮತ್ತೆ ಹೇಳಿದೆ. ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ನೋಡುವುದು ತವರಿನ ದಾಖಲೆ. ತವರಿನ ಆಸ್ತಿ ವಿಷಯವೂ ಅಷ್ಟೇ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಅಡ್ಡಹೆಸರು ಬದಲಾದ್ದರಿಂದ ಅದು ಒಂದು ಗುಂಟೆಯೂ ಕಡಿಮೆಯಾಗುವುದಿಲ್ಲ. ವಂಶವೃಕ್ಷದಲ್ಲಿ ನಿಮ್ಮ ಹೆಸರು ಇದೆಯಾ ನೋಡಿಕೊಳ್ಳಿ, ಅದು ಮುಖ್ಯ. ಹಳೇ ಹೆಸರಿನಲ್ಲಿ ಸೈಟು ಇದ್ದರೆ ಮಾರುವಾಗ ಕ್ರಯಪತ್ರದಲ್ಲಿ ಎರಡೂ ಹೆಸರು ಬರೆಸಿದರೆ ಆಯಿತು.

ಇನ್ನು ಗೆಜೆಟ್. ಅಡ್ಡಹೆಸರು ಮಾತ್ರ ಬದಲಾದರೆ ಸಾಮಾನ್ಯವಾಗಿ ಇದರ ಗೊಡವೆ ಬೇಕಿಲ್ಲ. ಅಕ್ಕಿಯಲ್ಲಿ ಬರೆದ ಹೆಸರಿನ ಹಾಗೆ ಮೊದಲ ಹೆಸರೇ ಬದಲಾದರೆ, ಸುಜಾತಾ ಹೋಗಿ ವೈಷ್ಣವಿ ಆದರೆ, ಆಗ ಆಧಾರ್‌ನವರೂ ಗೆಜೆಟ್ ಪ್ರಕಟಣೆ ಕೇಳುತ್ತಾರೆ. ಅಫಿಡವಿಟ್, ಪತ್ರಿಕೆಯಲ್ಲಿ ಜಾಹೀರಾತು, ಅರ್ಜಿ, ಶುಲ್ಕ, ಆಮೇಲೆ ಪ್ರಕಟಣೆಗೆ ಕಾಯುವುದು. ಮದುವೆ ಪ್ರಮಾಣಪತ್ರ ಇಲ್ಲಿ ಕೊಂಡಿಯಾಗುವುದಿಲ್ಲ, ಅದರಲ್ಲಿರುವುದು ಸುಜಾತಾ. ಹೆಂಡತಿಯ ಅಡ್ಡಹೆಸರು ಹಾಕಿಕೊಳ್ಳಲು ಬಯಸುವ ಗಂಡಸರಿಗೂ ಕಾನೂನು ಅಡ್ಡ ಬರುವುದಿಲ್ಲ, ಆದರೆ ಅರ್ಜಿಗಳ "ಮದುವೆ ಕಾರಣ" ಅನ್ನುವ ಸುಲಭದ ದಾರಿ ಹೆಂಗಸರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು, ಗಂಡಸರು ಗೆಜೆಟ್ ದಾರಿ ಹಿಡಿಯುವುದೇ ಲೇಸು.

ವಾಪಸ್ ಬರುವ ದಾರಿ

ಇದನ್ನು ಮದುವೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಮಾತಾಡುವ ಸಮಯವೂ ಅಲ್ಲ. ಆದರೆ ಗೊತ್ತಿರಬೇಕು. ಗಂಡನ ಹೆಸರು ಹಾಕಿಕೊಳ್ಳುವುದು ಎಷ್ಟು ಸುಲಭವೋ ತವರಿನ ಹೆಸರಿಗೆ ಮರಳುವುದು ಅಷ್ಟು ಸುಲಭ ಇಲ್ಲ. ವಿಚ್ಛೇದನವಾದರೆ ಕೋರ್ಟಿನ ತೀರ್ಪಿನ ಪ್ರತಿ ಬೇಕು, ಗಂಡ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ. ಎರಡೂ ಅಲ್ಲ, ಸುಮ್ನೆ ನನ್ನ ಹಳೇ ಹೆಸರು ನನಗೆ ಬೇಕು ಅಂದರೆ? ಮದುವೆಯಾದ ಹೆಂಗಸು ತವರಿನ ಹೆಸರಿಗೆ ಮರಳಬೇಕಾದರೆ ವಿಚ್ಛೇದನದ ತೀರ್ಪು ಅಥವಾ ಗಂಡನ ಒಪ್ಪಿಗೆ ಪತ್ರ ತರಬೇಕು ಅನ್ನುವ ಕೇಂದ್ರ ಸರ್ಕಾರದ ಪ್ರಕಟಣೆಯೊಂದನ್ನು 2024ರಲ್ಲಿ ಮಹಿಳೆಯೊಬ್ಬರು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಹೆಸರು ಹಾಕಿಕೊಳ್ಳುವಾಗ ಅಪ್ಪನ ಒಪ್ಪಿಗೆ ಪತ್ರ ಯಾರೂ ಕೇಳಲಿಲ್ಲ, ತೆಗೆಯುವಾಗ ಗಂಡನದ್ದು ಯಾಕೆ, ಅಲ್ವಾ? ಹೆಸರು ಅನ್ನುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಅಂತ ಸುಪ್ರೀಂ ಕೋರ್ಟೇ 2021ರಲ್ಲಿ ಸಿಬಿಎಸ್‌ಇ ಅಂಕಪಟ್ಟಿಯ ಪ್ರಕರಣದಲ್ಲಿ ಹೇಳಿರುವಾಗ ಈ ಷರತ್ತು ನನಗಂತೂ ಸರಿಕಾಣುವುದಿಲ್ಲ. ಆಧಾರ್‌ನ ಎರಡು ಸಲದ ಲೆಕ್ಕವನ್ನೂ ಇಲ್ಲಿ ಸೇರಿಸಿಕೊಳ್ಳಿ: ಹಾಕಿಕೊಳ್ಳಲು ಒಂದು, ತೆಗೆಯಲು ಒಂದು, ಖಾತೆ ಖಾಲಿ.

ಮಗು ಬರುವ ಮುಂಚೆ

ಬದಲಿಸುವುದಾದರೆ ಬಸುರಿಯಾಗುವ ಮುಂಚೆ ಬದಲಿಸಿ ಮುಗಿಸಿ. ಇದು ಮೊದಲಿಗಿಂತ ಈಗ ಜಾಸ್ತಿ ಮುಖ್ಯ. 2023ರ ಅಕ್ಟೋಬರ್ 1 ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಮೂಲ ದಾಖಲೆ. ಪಾಸ್‌ಪೋರ್ಟಿಗೆ ಹುಟ್ಟಿದ ದಿನದ ಪುರಾವೆಯಾಗಿ ಅವರಿಗೆ ಬೇರೆ ಯಾವುದೂ ನಡೆಯುವುದಿಲ್ಲ. ಅದರಲ್ಲಿ ತಾಯಿಯ ಹೆಸರು ಎಲ್ಲಿಂದ ಬರುತ್ತದೆ? ಆಸ್ಪತ್ರೆಯ ದಾಖಲೆಯಿಂದ. ಆಸ್ಪತ್ರೆಗೆ ಎಲ್ಲಿಂದ? ತಾಯಿ ಕಾರ್ಡಿನಿಂದ, ಅಥವಾ ಅಡ್ಮಿಟ್ ಆಗುವಾಗ ಕೌಂಟರಿನಲ್ಲಿ ಗಡಿಬಿಡಿಯಲ್ಲಿ ಯಾರೋ ಹೇಳಿದ ಹೆಸರಿನಿಂದ. ನೋವು ಶುರುವಾಗಿ ಕರೆದುಕೊಂಡು ಬಂದ ಅತ್ತೆ, ಮನೆಯಲ್ಲಿ ಕರೆಯುವ ಹೆಸರು ಹೇಳಿರುತ್ತಾರೆ, ನಿಮ್ಮ ತಮ್ಮನಾದರೆ ತವರಿನ ಹೆಸರು ಹೇಳಿರುತ್ತಾನೆ. ಜನನ ನೋಂದಾಯಿಸುವ ಇ-ಜನ್ಮ ತಂತ್ರಾಂಶದಲ್ಲಿ ಅದೇ ಏರಿ ಕೂರುತ್ತದೆ. ಹೆರಿಗೆಗೆ ಸೇರುವ ಮುಂಚೆ ನಿಮ್ಮ ಆಧಾರ್‌ನ ಜೆರಾಕ್ಸ್ ಒಂದನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿರಿ, ಹೆಸರು ಕೇಳಿದರೆ ಬಾಯಲ್ಲಿ ಹೇಳಬೇಡಿ, ಅದನ್ನೇ ಕೊಡಿ. ಡಿಸ್ಚಾರ್ಜ್ ಆಗುವ ದಿನ ಜನನದ ವರದಿಯಲ್ಲಿ ಅಪ್ಪ ಅಮ್ಮ ಇಬ್ಬರ ಹೆಸರೂ ಸರಿ ಇದೆಯಾ ನೋಡಿಕೊಂಡೇ ಮನೆಗೆ ಬನ್ನಿ.

ಕೊನೆಯದಾಗಿ, ಹೆಸರು ಬದಲಿಸಲಿ ಬಿಡಲಿ, ಮದುವೆಯಾದ ಗಂಡು ಹೆಣ್ಣು ಇಬ್ಬರೂ ಮಾಡಲೇಬೇಕಾದ ಕೆಲಸವೊಂದಿದೆ, ಅದನ್ನು ಮಾತ್ರ ಯಾರೂ ನೆನಪಿಸುವುದಿಲ್ಲ. ನಾಮಿನಿ. ಮದುವೆಗೆ ಮುಂಚೆ ಪಿಎಫ್‌ನಲ್ಲಿ ಮಾಡಿದ್ದ ನಾಮಿನೇಷನ್ ಮದುವೆಯಾದ ಮೇಲೆ ಅಸಿಂಧುವಾಗುತ್ತದೆ, ಹೊಸದಾಗಿ ಮಾಡಬೇಕು, ಯುಎಎನ್ ಪೋರ್ಟಲ್‌ನಲ್ಲೇ ಆಗುತ್ತದೆ. ಜೀವವಿಮೆಯಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಹಳೇ ನಾಮಿನಿಯೇ ಮುಂದುವರಿಯುತ್ತಾರೆ, ನೀವಾಗಿ ಹೋಗಿ ಬದಲಿಸುವವರೆಗೆ. ಬ್ಯಾಂಕ್ ಖಾತೆ, ಎಫ್‌ಡಿ, ಮ್ಯೂಚುಯಲ್ ಫಂಡ್ ಕೂಡ ಹಾಗೇ. ಮುಂದೆ ಹೆಸರು ಬದಲಿಸುವ ಯೋಚನೆ ಹೆಂಡತಿಗಿದ್ದರೆ ಅದು ಮುಗಿದ ಮೇಲೆ ಗಂಡನ ನಾಮಿನೇಷನ್‌ಗಳಲ್ಲೂ ಅವಳ ಹೊಸ ಹೆಸರು ಹಾಕಿಸಬೇಕಾಗುತ್ತದೆ, ಯಾಕೆಂದರೆ ಕ್ಲೇಮ್ ಮಾಡುವ ದಿನ ಅವಳು ತೋರಿಸುವ ಆಧಾರ್‌ನಲ್ಲಿ ಆ ಹೆಸರೇ ಇರುತ್ತದೆ.